ಬಿಗಿದು ಕಟ್ಟಿದ ಕೇಬಲ್

"ಗುರುಗಳೇ, ಕಲಿಯಲಾರದವರನ್ನು ಎಷ್ಟು ದಿನ ಇಟ್ಟುಕೊಳ್ಳಬೇಕು?" ಎಂದು ಚನ್ನಬಸಯ್ಯ ಕೇಳಿದ.

ಅವನು ಮಠದ ಪಾಠಶಾಲೆಯಲ್ಲಿ ಪದ್ಯ ಹೇಳಿಕೊಡುವ ಶಿಷ್ಯ. ಐವರು ವಿದ್ಯಾರ್ಥಿಗಳ ಮನೆಗೆ ಬರೆದ ಐದು ಕಾಗದಗಳು ಅವನ ಕೈಯಲ್ಲಿದ್ದವು. ಬಂದು ಕರೆದುಕೊಂಡು ಹೋಗಿ ಎಂಬುದಷ್ಟೇ ಒಕ್ಕಣೆ. ಗುರುಗಳ ಸಹಿಯೊಂದು ಬಾಕಿ. ಒಂದೇ ಪದ್ಯವನ್ನು ಐವರೂ ಇವತ್ತು ಒಂದು ಕಡೆ, ನಾಳೆ ಇನ್ನೊಂದು ಕಡೆ ತಪ್ಪುತ್ತಾರೆ, ಹೋದ ವರ್ಷ ಇಬ್ಬರನ್ನು ಕಳಿಸಿ ಹೊಸಬರನ್ನು ತಂದರೂ ಅದೇ ಹಣೆಬರಹ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದ. ಅರ್ಧ ಮಾತು ನುಂಗಿದ್ದರಿಂದ ಗುರುಗಳು ಇನ್ನೊಮ್ಮೆ ಹೇಳಿಸಿದರು. ಆಮೇಲೆ ಕಾಗದಗಳನ್ನು ತೆಗೆದುಕೊಂಡು ಪಕ್ಕಕ್ಕಿಟ್ಟು ಕತೆ ಶುರುಮಾಡಿದರು.

ಒಬ್ಬ ಸಂಗ್ರಾಹಕನಿದ್ದ. ಒಬ್ಬ ಮುದುಕಿಯಿಂದ ಬೀಸುವ ಕಲ್ಲಿನ ಇನ್ನೂರು ಹಾಡು ಹಾಡಿಸಿ, ಧ್ವನಿಮುದ್ರಿಸಿ, ಕಂಪ್ಯೂಟರಿನ ಡಿಸ್ಕಿನಲ್ಲಿ ಇಟ್ಟಿದ್ದ. ಮುದುಕಿ ತೀರಿಕೊಂಡಳು. ಆ ಹಾಡುಗಳು ಬೇರೆ ಯಾರಿಗೂ ಬರುತ್ತಿರಲಿಲ್ಲ, ಬೇರೆಲ್ಲೂ ಇರಲಿಲ್ಲ.

ಆಯುಧಪೂಜೆಯ ದಿನ ಅವನು ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿ ಒಳಗೆಲ್ಲ ಒರೆಸಿದ. ಜೋಲಾಡುತ್ತಿದ್ದ ಕೇಬಲ್ಲುಗಳನ್ನು ಮಡಚಿ ಅರಿಶಿನದ ದಾರದಿಂದ ಬಿಗಿದು ಕಟ್ಟಿದ. ಹೊರಗೆ ಕುಂಕುಮ ಇಟ್ಟು ಕೈಮುಗಿದ. ನೋಡಿದವರು ಎಷ್ಟು ಅಚ್ಚುಕಟ್ಟು ಎಂದರು. ಅವನಿಗೂ ಹಿಗ್ಗಾಯಿತು.

ಮರುವಾರದಿಂದ ಹಾಡುಗಳ ನಡುವೆ ಕರಕರ ಸದ್ದು ಬರತೊಡಗಿತು. ಕೆಲವು ಕಡೆ ಸಾಲಿಗೆ ಸಾಲೇ ಮಾಯ. ಡಿಸ್ಕು ಹಾಳಾಗಿದೆ ಎಂದು ಹೊಸದು ತಂದು ಎಲ್ಲವನ್ನೂ ಅದಕ್ಕೆ ಇಳಿಸಿದ. ಅಲ್ಲೂ ಕರಕರ. ಅದನ್ನು ಬೈದು ಬದಿಗಿಟ್ಟು, ಹಳೆಯ ಡಿಸ್ಕಿನ ಹಾಡುಗಳನ್ನೇ ತಿದ್ದಲು ಕೂತ. ಹಟದಿಂದ ನಲವತ್ತು ಹಾಡು ತಿದ್ದಿ ಮತ್ತೆ ಅದರಲ್ಲೇ ಬರೆದಿಟ್ಟ. ಆ ನಲವತ್ತೂ ಕೇಳಲಾರದಂತಾದವು. ಅವನಿಗೆ ಅಳು ಬಂತು. ಆದರೂ ನಲವತ್ತೊಂದನೆಯದಕ್ಕೆ ಕೈಹಾಕುವವನಿದ್ದ. ಅಷ್ಟರಲ್ಲಿ ಹೇಳಿಕಳಿಸಿದ್ದ ರಿಪೇರಿಯ ಹೆಂಗಸು ಬಂದಳು.

ಅವಳು ಮೊದಲು ಅವನು ತಿದ್ದುವುದನ್ನು ನಿಲ್ಲಿಸಿದಳು. ನಲವತ್ತೊಂದನೆಯ ಹಾಡನ್ನು ಹಾಕಿ ಕೇಳಿದಳು. ಕಂಪ್ಯೂಟರ್ ಆರಿಸಿ, ಮತ್ತೆ ಹಚ್ಚಿ, ಅದೇ ಹಾಡನ್ನು ಕೇಳಿದಳು. ಹೀಗೆ ಮೂರು ಸಲ. ಮೊದಲ ಸಲ ಎರಡನೆಯ ಸಾಲು ಕೆಟ್ಟಿತ್ತು, ಎರಡನೆಯ ಸಲ ಐದನೆಯದು. ಮೂರನೆಯ ಸಲ ಹಾಡು ಪೂರ್ತಿ ಸರಿಯಾಗಿತ್ತು.

"ಹಾಡೇ ಕೆಟ್ಟಿದ್ರೆ ಪ್ರತಿ ಸಲ ಒಂದೇ ಜಾಗದಲ್ಲಿ ಕೆಡಬೇಕಿತ್ತು ಸಾರ್. ಇಟ್ಟ ಜಾಗ ಸರಿಯಾಗೇ ಇದೆ, ಬರೋ ದಾರಿ ಕೆಟ್ಟಿದೆ," ಎಂದಳು.

"ದಾರಿಯಲ್ಲಿ ಏನಿದೆಯಮ್ಮ? ಕೇಬಲ್ಲನ್ನ ನಾನೇ ಕೈಯಾರೆ ಕಟ್ಟಿದೀನಿ," ಎಂದ ಅವನು.

ಅವಳು ವಾದಕ್ಕೆ ನಿಲ್ಲಲಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು ಅವಳ ಪದ್ಧತಿ. ಡಿಸ್ಕನ್ನು ನಡೆಸುವ ಕಂಟ್ರೋಲರ್ ಕಾರ್ಡನ್ನು ಬದಲಿಸಿ ನೋಡಿದಳು, ಕರಕರ ಹೋಗಲಿಲ್ಲ. ಹಳೆಯ ಕಾರ್ಡನ್ನೇ ವಾಪಸ್ ಹಾಕಿದಳು. ಆಮೇಲೆ ಅರಿಶಿನದ ದಾರ ಕತ್ತರಿಸಿ, ಡಿಸ್ಕಿನಿಂದ ಹಾಡು ಹೊತ್ತು ತರುವ ಕೇಬಲ್ ಬದಲಿಸಿದಳು. ಹಾಡು ಮೂರು ಸಲವೂ ನೆಟ್ಟಗೆ ಬಂತು. ಹಳೆಯ ಕೇಬಲ್ ಬಿಗಿದು ಮಡಚಿದ್ದ ಕಡೆ ಒಳಗಿನ ತಂತಿ ಮುರಿದಿತ್ತು.

ಅಷ್ಟಕ್ಕೇ ಅವಳು ಬಿಡಲಿಲ್ಲ. ನಾಲ್ಕು ದಿನ ಕೂತು ಉಳಿದ ನೂರರವತ್ತು ಹಾಡುಗಳನ್ನೂ ಮೂರು ಮೂರು ಸಲ ಕೇಳಿದಳು, ಅವನನ್ನೂ ಏಳಗೊಡಲಿಲ್ಲ. ಒಂದು ಸಾಲೂ ತಪ್ಪಲಿಲ್ಲ. ಆ ಮುರಿದ ಕೇಬಲ್ಲಿನ ಮೂಲಕವೇ ಅವನು ತಿದ್ದಿ ಬರೆದಿಟ್ಟಿದ್ದ ನಲವತ್ತು ಮಾತ್ರ ಹೋದದ್ದು ಹೋದವೇ.

ಗುರುಗಳು ಕತೆ ಮುಗಿಸಿ ಐದೂ ಕಾಗದಗಳನ್ನು ಶಿಷ್ಯನಿಗೆ ಮರಳಿಸಿದರು. ಸಹಿ ಇರಲಿಲ್ಲ.

"ಹಾಗಾದರೆ ಈ ಐವರನ್ನು ಇನ್ನೂ ಸ್ವಲ್ಪ ದಿನ ತಿದ್ದಿ ನೋಡಲೇ?" ಎಂದ ಚನ್ನಬಸಯ್ಯ.

ಗುರುಗಳು ಅವನ ಮುಖವನ್ನೇ ನೋಡಿದರು.

"ಈ ಐವರಿಗೂ, ಹೋದ ವರ್ಷ ಮನೆಗೆ ಹೋದ ಆ ಇಬ್ಬರಿಗೂ, ಪಾಠ ಹೇಳಿದವರು ಯಾರಪ್ಪ?"