ಮೊಲ್ಲೆಮೊಗ್ಗು ಹಲ್ಲುಪುಡಿಯ ಆದಿನಾದ

ಕಪಿಲೆಯ ದಂಡೆಯಲ್ಲಿ ಒಂದು ಹೆಂಚಿನ ಮಠ. ಅಲ್ಲಿದ್ದ ಹಿರಿಯರು ಗುರುಪಾದ ಸ್ವಾಮಿಗಳು. ಮುಂದಿನ ಹಲ್ಲೊಂದು ಬಿದ್ದುಹೋಗಿದ್ದರೂ ನಗುವಾಗ ಬಾಯಿ ಮುಚ್ಚಿಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ.

ಅವರ ಬಳಿ ಸಿದ್ದಮಲ್ಲ ಎಂಬ ಶಿಷ್ಯನಿದ್ದ. ಬೆಳಿಗ್ಗೆ ಎದ್ದು ಮಠದ ಹಸುಗಳ ಹಾಲು ಕರೆಯುವುದು ಅವನ ಕೆಲಸ. ಅದು ಮುಗಿದರೆ ಹುಲ್ಲಿನ ಕೋಣೆಯಲ್ಲಿ ಕೂತು ಹಿಪ್‌ಹಾಪ್ ಹಾಡು ಕಟ್ಟುವುದು. ರಾಗ ಎಳೆಯುವ ಹಾಡಲ್ಲ, ತಾಳಕ್ಕೆ ಪಟಪಟನೆ ಮಾತು ಉದುರಿಸುವ ಹಾಡು.

ಎರಡು ವರ್ಷ ಕೂತು ಕಟ್ಟಿದ ಮೊದಲ ಹಾಡಿಗೆ ‘ಆದಿನಾದ’ ಎಂದು ಹೆಸರಿಟ್ಟಿದ್ದ. ಯುಗಾದಿಯ ದಿನ ಬಿಡುಗಡೆ ಎಂದು ಸಾರಿದ್ದ. ಅವನ ತಾಯಿ ತನ್ನ ಬೀದಿಯಲ್ಲಿ ಒಂದು ಮನೆಯನ್ನೂ ಬಿಡದೆ ಹೇಳಿ ಬಂದಿದ್ದಳು.

ಹಬ್ಬಕ್ಕೆ ಎಂಟು ದಿನವಿರುವಾಗ ಸಿದ್ದಮಲ್ಲ ಮುಖ ಬಾಡಿಸಿಕೊಂಡು ಗುರುಗಳ ಮುಂದೆ ಬಂದು ನಿಂತ. ಗುರುಗಳು ಜಗುಲಿಯ ಮೇಲೆ ಮೊರದ ತುಂಬ ಹುರಿದ ಕಡಲೆಕಾಯಿ ಇಟ್ಟುಕೊಂಡು ಬಿಡಿಸುತ್ತ ಕೂತಿದ್ದರು.

“ಬುದ್ಧೀ, ನನ್ನ ಹಾಡು ನಿಂತುಹೋಯ್ತು.”

ಆ ಕಡೆಯವರು ಸ್ವಾಮಿಗಳನ್ನು ‘ಬುದ್ಧಿ’ ಎಂದೇ ಕರೆಯುವುದು.

“ಯಾರಪ್ಪ ನಿಲ್ಲಿಸಿದ್ದು?”

“ಹಾಡನ್ನ ಲೋಕಕ್ಕೆ ಕೇಳಿಸೋ ಕಂಪನಿಯೋರು. ಹಾಡಲ್ಲಿ ಒಂದು ನಾಕು ಸೆಕೆಂಡಿನಷ್ಟು ಸದ್ದು ಬೇರೆಯೋರದ್ದಂತೆ. ಅವರ ಅಪ್ಪಣೆ ಪತ್ರ ತರೋವರೆಗೂ ಬಿಡಲ್ಲ ಅಂತಾರೆ.”

“ಬೇರೆಯೋರದ್ದು ಯಾಕೆ ತಗೊಂಡೆ?”

ಸಿದ್ದಮಲ್ಲ ತಲೆ ತಗ್ಗಿಸಿದ.

“ನಾನು ತಗೊಂಡದ್ದು ನಿಮ್ಮದು ಬುದ್ಧಿ.”

ಗುರುಗಳ ಕೈಯಲ್ಲಿದ್ದ ಕಡಲೆಕಾಯಿ ಹಾಗೇ ನಿಂತಿತು.

“ಬೆಳಗಿನ ಜಾವ ಸೋಪಾನದ ಮೇಲೆ ಕೂತು, ನದಿ ಕಡೆ ಮುಖ ಮಾಡಿ ನೀವೊಂದು ನಾದ ಮಾಡ್ತೀರಲ್ಲ. ಹೂಂಹೂಂ ಹೂಂಹೂಂ, ಹೂಂ ಹೂಂ ಸುಯ್ ಅಂತ. ಹೊಂಗೆ ಮರದ ಹಿಂದೆ ನಿಂತು ಫೋನಲ್ಲಿ ಹಿಡ್ಕೊಂಡೆ. ಕೇಳಿದರೆ ಮೈಯೆಲ್ಲ ಜುಮ್ ಅಂತು. ಇದೇ ಸೃಷ್ಟಿಗೆ ಮೊದಲಿನ ನಾದ ಅಂತ ಹಾಡಿನ ನಟ್ಟನಡುವೆ ಇಟ್ಟೆ.”

“ಅದು ಯಾರದ್ದು ಅಂತಾರೆ ಆ ಕಂಪನಿಯೋರು?”

ಸಿದ್ದಮಲ್ಲ ಕಾಲಬೆರಳಿನಿಂದ ನೆಲ ಕೆರೆದ.

“ಅವರ ಯಂತ್ರ ಹೇಳ್ತಂತೆ... ಅದು ಮೊಲ್ಲೆಮೊಗ್ಗು ಹಲ್ಲುಪುಡಿ ಜಾಹೀರಾತು ಅಂತ.”

ಗುರುಗಳು ನದಿಯ ಕಡೆ ಮುಖ ತಿರುಗಿಸಿದರು. ಆಮೇಲೆ ರಾಗವಿಲ್ಲದೆ ನಿಧಾನವಾಗಿ ಹೇಳಿಕೊಂಡರು.

“ಮೊಲ್ಲೆಮೊಗ್ಗು ಮೊಲ್ಲೆಮೊಗ್ಗು, ಬಾಯ್ತುಂಬ ಹಿಗ್ಗು... ಅಯ್ಯೋ ಶಿವನೇ, ಹೌದಲ್ಲೋ! ನಾನು ಚಿಕ್ಕವನಾಗಿದ್ದಾಗ ಹೋಟೆಲ್ ರೇಡಿಯೋದಲ್ಲಿ ದಿನಾ ಬರ್ತಿತ್ತು.”

“ಬುದ್ಧೀ, ನೀವು ಅಲ್ಲಿ ಕೂತು ಧ್ಯಾನ ಮಾಡ್ತಿರಲಿಲ್ಲವಾ?”

“ಹಲ್ಲುಜ್ಜುತ್ತಿದ್ದೆ ಕಣಪ್ಪ.”

ಸಿದ್ದಮಲ್ಲ ಜಗುಲಿಯ ಕಂಬಕ್ಕೆ ಒರಗಿ ಕುಸಿದು ಕೂತ. ಗುರುಗಳು ಅವನ ಕೈಗೆ ನಾಲ್ಕು ಕಡಲೆಕಾಯಿ ಹಾಕಿದರು.

“ಆ ತುಂಡು ಕಿತ್ತುಹಾಕಿ ಮಿಕ್ಕಿದ್ದನ್ನ ಬಿಡುಗಡೆ ಮಾಡೋಕಾಗಲ್ವಾ?”

“ಅದೇ ಹಾಡಿನ ಜೀವ ಬುದ್ಧಿ. ಅದು ಹೋದರೆ ಏನೂ ಉಳಿಯಲ್ಲ.”

“ಏನೂ ಉಳಿಯಲ್ವಾ? ಎಲ್ಲಿ, ಹೇಳು ನೋಡೋಣ ಮಿಕ್ಕಿದ್ದನ್ನ.”

ಸಿದ್ದಮಲ್ಲ ಎದ್ದು ನಿಂತು ತೊಡೆ ತಟ್ಟುತ್ತ ಶುರುಮಾಡಿದ.

“ನಾನು ಕಿಡಿ, ನಾನು ಗುಡುಗು, ನಾನು ಬಂದರೆ ನೆಲ ನಡುಗು! ನಾನು ಹೊಳೆ, ನಾನು ಸುಳಿ, ನನ್ನ ಮುಂದೆ ನೀನು ಇಲಿ!”

ಒಂದೊಂದು ‘ನಾನು’ ಬಂದಾಗಲೂ ಗುರುಗಳು ಒಂದೊಂದು ಕಡಲೆಕಾಯಿ ಬಿಡಿಸಿ ಸಿಪ್ಪೆಯನ್ನು ಪಕ್ಕಕ್ಕೆ ಹಾಕುತ್ತ ಹೋದರು. ಅರ್ಧ ಹಾಡಿಗೆ ಮೊರ ಬರಿದಾಯಿತು. ಪಕ್ಕದಲ್ಲಿ ಸಿಪ್ಪೆಯ ಗುಡ್ಡೆ ಬೆಳೆದಿತ್ತು.

“ಸಾಕು ನಿಲ್ಲಿಸು. ಕಾಯಿ ಮುಗೀತು, ನಿನ್ನ ನಾನು ಮುಗೀಲಿಲ್ಲ.”

“ಬುದ್ಧೀ, ಈ ಬಗೆ ಹಾಡು ಇರೋದೇ ಹಾಗೆ.”

“ಇರಲಿ. ಇಷ್ಟು ‘ನಾನು’ ಇದಾವಲ್ಲ, ಇದು ನಮ್ಮದು ಅಂತ ಯಾರಾದರೂ ತಕರಾರು ತೆಗೆದರಾ?”

“ಇಲ್ಲ.”

“ನೋಡು. ಯಾರಿಗೂ ಬೇಡ ಅದು.”

ಆಮೇಲೆ ಗುರುಗಳು ಶಲ್ಯ ಹೆಗಲಿಗೆ ಹಾಕಿಕೊಂಡು ಎದ್ದರು.

“ಅಪ್ಪಣೆ ಕೊಡೋರು ಯಾರು, ಗೊತ್ತಾ?”

“ಹಲ್ಲುಪುಡಿ ಮಾಡ್ತಿದ್ದ ಶೆಟ್ಟರ ಮಗಳಂತೆ. ಅಂಬುಜಾಕ್ಷಮ್ಮ ಅಂತ. ಆಚೆ ದಡದ ಪೇಟೇಲೇ ಇದಾರೆ. ಚಿಕ್ಕಂದಿನಲ್ಲಿ ಆ ಹಾಡು ಹಾಡಿದ್ದೂ ಅವರೇ.”

“ಹಾಗಾದರೆ ನಡಿ. ಕದ್ದು ಕೇಳಿದವನು ನೀನು, ಕದ್ದು ಹಾಡಿದವನು ನಾನು. ಇಬ್ಬರೂ ಹೋಗಿ ಕೇಳೋಣ.”

ಇಬ್ಬರೂ ಹರಿಗೋಲು ಹತ್ತಿ ನದಿ ದಾಟಿದರು.

ಅಂಬುಜಾಕ್ಷಮ್ಮನಿಗೆ ಎಪ್ಪತ್ತು ದಾಟಿತ್ತು. ಸ್ವಾಮಿಗಳನ್ನು ಕಂಡು ಎದ್ದು ಕೈಮುಗಿದು, ಚಾಪೆ ಹಾಸಿ ಕೂರಿಸಿದರು. ಸಿದ್ದಮಲ್ಲ ನಡೆದದ್ದನ್ನು ಹೇಳಿ, ಫೋನಿನಲ್ಲಿದ್ದ ನಾದವನ್ನು ಕೇಳಿಸಿದ.

ಆಕೆ ಕಣ್ಣು ಮುಚ್ಚಿ ಕೇಳಿದರು. ಇನ್ನೊಮ್ಮೆ ಹಾಕಿಸಿ ಕೇಳಿದರು.

“ಇದು ನಮ್ಮದಲ್ಲ.”

ಸಿದ್ದಮಲ್ಲ ಹಿಗ್ಗಿ, “ಹಾಗಾದರೆ ನಿಮ್ಮ ಅಪ್ಪಣೆಯೇ ಬೇಡವಾ ತಾಯಿ?” ಎಂದ.

“ಬೇಡ ಅಂದೆನಾ? ಯಂತ್ರಕ್ಕೆ ಹೆಸರು ಮಾತ್ರ ಗೊತ್ತು, ಸ್ವರ ಗೊತ್ತಾ? ಹಾಡು ನಮ್ಮದೇ, ಹಾಡಿದ್ದು ತಪ್ಪು. ‘ಹಿಗ್ಗು’ ಅನ್ನೋ ಕಡೆ ಮೇಲಕ್ಕೆ ಏರಬೇಕು. ಇಲ್ಲಿ ಏರೋ ಬದಲು ಸುಯ್ ಅಂತ ಗಾಳಿ ಹೋಗ್ತದೆ. ನಮ್ಮಪ್ಪ ಇದನ್ನ ನನಗೆ ಹದಿನೆಂಟು ಸಲ ಹಾಡಿಸಿದ್ರು, ಅದೊಂದು ‘ಹಿಗ್ಗು’ ಏರಲಿ ಅಂತ. ಇದಕ್ಕೆ ಸಹಿ ಹಾಕಿದರೆ ತಪ್ಪು ಹಾಡೇ ನಮ್ಮದು ಅಂತ ಒಪ್ಪಿದಂಗಾಯ್ತು. ಸರಿಯಾಗಿ ಹಾಡಿಕೊಂಡು ಬನ್ನಿ. ಕಣ್ಣಿಗೊತ್ತಿಕೊಂಡು ಸಹಿ ಹಾಕ್ತೀನಿ.”

ಗುರುಗಳು ಅಲ್ಲೇ ಕೂತು ಪ್ರಯತ್ನಿಸಿದರು.

“ಮೊಲ್ಲೆಮೊಗ್ಗು ಮೊಲ್ಲೆಮೊಗ್ಗು, ಬಾಯ್ತುಂಬ ಹಿ... ಸುಯ್.”

ಇನ್ನೊಮ್ಮೆ ಹಾಡಿದರು. ಸುಯ್ ಎಂದಿತು. ಮೂರನೆಯ ಸಲ ಇನ್ನೂ ಜೋರಾಗಿ ಸುಯ್ ಎಂದಿತು. ಹಿತ್ತಿಲಿನಿಂದ ಬೆಕ್ಕೊಂದು ಬಂದು ಬಾಗಿಲಲ್ಲಿ ನಿಂತು ನೋಡಿತು.

“ಹಲ್ಲಿಲ್ಲ ತಾಯಿ,” ಎಂದರು ಗುರುಗಳು. “ಬೀಳೋ ಮೊದಲು ಸರಿಯಾಗೇ ಬರ್ತಿತ್ತೇನೋ.”

“ನಮ್ಮ ಹಲ್ಲುಪುಡಿ ಬಳಸ್ತಿದ್ರಾ ಸ್ವಾಮಿಗಳೇ?”

“ಇಲ್ಲ ತಾಯಿ. ಹಾಡು ಮಾತ್ರ ಬಳಸಿದೆ. ಪುಡಿ ಇದ್ದಿಲಿನದು.”

“ಅದಕ್ಕೇ ಬಿದ್ದದ್ದು.”

ಸಿದ್ದಮಲ್ಲ ಕೈಮುಗಿದು, “ನೀವೇ ಒಂದು ಸಲ ಹಾಡಿಬಿಡಿ ತಾಯಿ, ಹಿಡ್ಕೊಂಡು ಹೋಗ್ತೀನಿ,” ಎಂದ.

ಆಕೆ ಕಿಟಕಿಯ ಮೇಲಿದ್ದ ಸ್ಟೀಲ್ ಲೋಟವನ್ನು ತೋರಿಸಿದರು.

“ನನ್ನ ಹಲ್ಲು ಅದರೊಳಗಿದಾವೆ ಮಗ. ಹಾಕ್ಕೊಂಡರೆ ಚಕ್ಕುಲಿಗೆ ಆಗ್ತವೆ. ಹಾಡಿಗೆ ಕೂತರೆ ಲಟಲಟ ಅಂತವೆ. ನಿನಗೇನಾಗಿದೆ? ನೀನೇ ಹಾಡು.”

ಸಿದ್ದಮಲ್ಲ ಬೆಚ್ಚಿದ.

“ನಾನು ಹಾಡೋನಲ್ಲ ತಾಯಿ. ಮಾತು ಹೇಳೋನು.”

ಇಬ್ಬರೂ ಮತ್ತೆ ಹರಿಗೋಲು ಹತ್ತಿ ಹಿಂತಿರುಗಿದರು. ನಡುನೀರಿಗೆ ಬಂದಾಗ ಗುರುಗಳು ಕೇಳಿದರು.

“ಯಾಕೋ ಹಾಡಲಿಲ್ಲ?”

“ಶಾಲೇಲಿ ಪ್ರಾರ್ಥನೆಗೆ ನಿಂತಾಗ ಹೆಡ್‌ಮಾಸ್ತರು ಹೇಳಿದ್ರು ಬುದ್ಧಿ. ‘ಮಲ್ಲ, ನೀನು ಬಾಯಿ ಆಡಿಸು ಸಾಕು, ಸ್ವರ ಬಿಡಬೇಡ’ ಅಂತ. ಏಳನೇ ಕ್ಲಾಸಿನವರೆಗೂ ಬಾಯಿ ಆಡಿಸಿದೆ. ಆಮೇಲೆ ಸ್ವರ ಬೇಡದ ಹಾಡು ಸಿಕ್ತು, ಹಿಡ್ಕೊಂಡೆ.”

“ಹೂಂ.”

“ನಗಬೇಡಿ ಬುದ್ಧಿ.”

“ನಗಲಿಲ್ಲ ಕಣೋ. ಮೊರದ ತುಂಬ ‘ನಾನು’ ಅಂದೆ. ಜೀವ ಇಡೋ ಜಾಗ ಬಂದಾಗ ನನ್ನ ಬಾಯಿ ತಂದು ಇಟ್ಟಿದೀಯ. ಅದೂ ಹಲ್ಲಿಲ್ಲದ್ದು.”

ಸಿದ್ದಮಲ್ಲನ ಕಿವಿಗೆ ಈ ಮಾತು ಬೀಳಲಿಲ್ಲ. ಅವನು ಬೇರೆ ಯೋಚನೆಯಲ್ಲಿದ್ದ.

“ಬುದ್ಧೀ, ಬಿದ್ದ ಹಲ್ಲು ಎಲ್ಲಿದೆ?”

“ಮಠದ ಸೂರಿನ ಮೇಲೆ.”

“ಸೂರಿನ ಮೇಲಾ?”

“ಹಲ್ಲು ಬಿದ್ದರೆ ಸಗಣಿಯೊಳಗಿಟ್ಟು ಹೆಂಚಿನ ಮೇಲೆ ಎಸೆಯಲ್ವಾ, ಹೊಸದು ಬರಲಿ ಅಂತ?”

“ಅದು ಮಕ್ಕಳ ಹಾಲುಹಲ್ಲಿಗಲ್ವಾ ಬುದ್ಧಿ! ನಿಮಗೆ ಆಗ ಎಷ್ಟು ವಯಸ್ಸು?”

“ಅರವತ್ತೆಂಟು.”

“ಹೊಸದು ಬಂತಾ?”

“ಇನ್ನೂ ನೋಡ್ತಾ ಇದೀನಿ.”

ದಡ ಮುಟ್ಟುವುದರೊಳಗೆ ಸಿದ್ದಮಲ್ಲ ನಿರ್ಧರಿಸಿಬಿಟ್ಟಿದ್ದ. ಹಲ್ಲು ಸಿಕ್ಕರೆ ಪೇಟೆಯ ಹಲ್ಲಿನ ಡಾಕ್ಟರು ಅದನ್ನು ಮತ್ತೆ ಕೂರಿಸಿಕೊಡುತ್ತಾರೆ. ಗುರುಗಳು ಸರಿಯಾಗಿ ಹಾಡುತ್ತಾರೆ. ಅಂಬುಜಾಕ್ಷಮ್ಮ ಸಹಿ ಹಾಕುತ್ತಾರೆ. ಹಬ್ಬಕ್ಕೆ ಹಾಡು ಹೊರಡುತ್ತದೆ.

“ನಾನು ಹತ್ತಿ ಹುಡುಕಲಾ ಬುದ್ಧಿ?”

“ಹುಡುಕು. ಹೆಂಚು ಒಡೀಬೇಡ.”

ಮಠಕ್ಕೆ ಬಂದು ಏಣಿ ಹಾಕಿ ಹತ್ತಿದ. ಗುರುಗಳು ಕೆಳಗೆ ಏಣಿ ಹಿಡಿದು ನಿಂತರು.

ಸಿದ್ದಮಲ್ಲ ಹೆಂಚಿನ ಸಾಲನ್ನು ಒಂದೊಂದಾಗಿ ತಡವಿದ. ಒಣಗಿದ ಎಲೆ ಸಿಕ್ಕಿತು. ಒಂದು ಹಳೆಯ ಚೆಂಡು ಸಿಕ್ಕಿತು. ಕಾಗೆ ತಂದಿಟ್ಟ ಚಮಚವೊಂದು ಸಿಕ್ಕಿತು. ಹಲ್ಲು ಸಿಗಲಿಲ್ಲ.

ಇಳಿಬಿಸಿಲು ಹೆಂಚಿನ ಮೇಲೆ ಬಿದ್ದಿತ್ತು. ಕೆಳಗೆ ನದಿ ತನ್ನ ಪಾಡಿಗೆ ಹೋಗುತ್ತಿತ್ತು. ಸಿದ್ದಮಲ್ಲ ಕೆಳಗೆ ಗುರುಗಳಿದ್ದಾರೆಂಬುದನ್ನೇ ಮರೆತ. ಕೈ ಹೆಂಚಿನ ಸಂದು ತಡಕುತ್ತಿತ್ತು. ಬಾಯಿ ಅದರಷ್ಟಕ್ಕೆ ಶುರುವಾಯಿತು.

“ಮೊಲ್ಲೆಮೊಗ್ಗು ಮೊಲ್ಲೆಮೊಗ್ಗು, ಬಾಯ್ತುಂಬ ಹಿಗ್ಗು...”

ದನಿ ಸ್ವಲ್ಪ ಒಡಕಾಗಿತ್ತು. ಆದರೆ ‘ಹಿಗ್ಗು’ ಏರಬೇಕಾದಲ್ಲಿ ಏರಿತು. ಎಲ್ಲಿಯೂ ಸುಯ್ ಎನ್ನಲಿಲ್ಲ.

ಕೊಟ್ಟಿಗೆಯಲ್ಲಿದ್ದ ಹಸು ಮೇವು ಬಿಟ್ಟು ತಲೆ ಎತ್ತಿತು.

ಗುರುಗಳು ಕೆಳಗಿನಿಂದ ಕೂಗಿದರು.

“ಮಲ್ಲಾ, ಹಲ್ಲು ಸಿಕ್ತು ಕಣೋ!”

ಸಿದ್ದಮಲ್ಲ ಹಾಡುವುದನ್ನು ನಿಲ್ಲಿಸಿ ಸೂರಿನ ಅಂಚಿಗೆ ಬಂದು ಬಗ್ಗಿ ನೋಡಿದ.

“ಎಲ್ಲಿ ಬುದ್ಧಿ? ಕೆಳಗೆ ಬಿದ್ದಿತ್ತಾ?”

“ನಿನ್ನ ಬಾಯಲ್ಲೇ ಇದೆ. ಇಳಿದು ಬಾ, ಹರಿಗೋಲು ಇನ್ನೂ ಹೋಗಿಲ್ಲ.”