ಹಿಡಿಕೆ ಎಳೆಯದ ದಿನ

ಘಟಪ್ರಭೆಯ ದಂಡೆಯ ಮೇಲಿನ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಮಡಿವಾಳಪ್ಪ ಎಂಬ ಪಂಪ್ ಆಪರೇಟರ್ ಇದ್ದ. ಅವನ ಪಂಪು ನೋಡಲು ಗಿಡ್ಡ, ಒತ್ತಡದಲ್ಲಿ ರಾಕ್ಷಸ. ಕಬ್ಬಿನ ರಸ ಕಾಯಿಸುವ ಕೊಳವೆಗಳ ಒಳಗೆ ಕಲ್ಲಿನಂತೆ ಕಟ್ಟಿದ ಕಿಟ್ಟವನ್ನು ಬರೀ ನೀರಿನ ಹೊಡೆತದಿಂದಲೇ ಕಿತ್ತು ಹಾಕುತ್ತಿತ್ತು. ಆ ನೀರು ಉದ್ದನೆಯ ಹೋಸ್ ಪೈಪಿನಲ್ಲಿ ಹರಿದು, ಜೊತೆಗಾರ ಮೌಲಾಸಾಬನ ಕೈಯಲ್ಲಿದ್ದ, ಬಂದೂಕಿನಂಥ ನಳಿಕೆಯ ಗನ್ನಿನಿಂದ ಹೊರಗೆ ಚಿಮ್ಮುತ್ತಿತ್ತು. ಹನ್ನೆರಡು ವರ್ಷಗಳಿಂದ ಪಂಪು ಇವನದು, ಗನ್ನು ಅವನದು.

ಮೌಲಾ ಒತ್ತಿ ಹಿಡಿದ ಗನ್ನಿನ ಕುದುರೆ ಬಿಟ್ಟೊಡನೆ ನೀರಿಗೆ ದಾರಿ ಮುಚ್ಚುತ್ತದೆ. ಪಂಪು ಮಾತ್ರ ತಳ್ಳುತ್ತಲೇ ಇರುತ್ತದೆ. ಆಗ ಪಂಪಿನ ನೆತ್ತಿಯ ಸೇಫ್ಟಿ ವಾಲ್ವು ತೆರೆದು, ಹೆಚ್ಚಾದ ನೀರನ್ನು ತೊಟ್ಟಿಗೆ ಬಿಡಬೇಕು. ತೆರೆಯದಿದ್ದರೆ ಹೋಸು ಸಿಡಿಯುತ್ತದೆ, ಅದೂ ಹಿಡಿದವನ ಕೈಯಲ್ಲೇ. ಅದಕ್ಕಾಗಿ ಪಂಪು ಚಾಲೂ ಮಾಡುವ ಮೊದಲು ಮಡಿವಾಳಪ್ಪ ವಾಲ್ವಿನ ಹಿಡಿಕೆ ಎಳೆದು, ಅದು ಸಲೀಸಾಗಿ ಏಳುತ್ತದೆಯೇ ಎಂದು ನೋಡಬೇಕಿತ್ತು.

ದಿನಾ ಮುಂಜಾನೆ ಮೌಲಾ ಹೋಸಿನ ಆ ತುದಿಯಿಂದ ಕೂಗುತ್ತಿದ್ದ. “ಹಿಡಿಕಿ ಎಳದಿ ಏನಣ್ಣಾ?”

“ಎಳದೀನಪಾ, ಹಿಡಿ ಗನ್ನು.”

ಇಷ್ಟೇ ಮಾತು. ಇದಾಗದೆ ಮೌಲಾ ಗನ್ನು ಮುಟ್ಟಿದವನಲ್ಲ.

ಆಯುಧ ಪೂಜೆ ಬಂತು. ಎಲ್ಲಕ್ಕಿಂತ ಚೆಂದವಾಗಿ ಇಟ್ಟುಕೊಂಡ ಯಂತ್ರಕ್ಕೆ ಪ್ರತಿವರ್ಷ ಒಂದು ತಾಮ್ರದ ಕೊಡ ಬಹುಮಾನ. ಮೂರು ವರ್ಷ ಅದು ಲೇಥ್ ಮಶೀನಿನ ಬಡಿಗೇರನ ಮನೆ ಸೇರಿತ್ತು. ಮಡಿವಾಳಪ್ಪನಿಗೆ ಅದನ್ನು ನೆನೆದರೆ ಹೊಟ್ಟೆ ಉರಿ. ಈ ಸಲ ಬಿಡಬಾರದೆಂದು ಪಂಪನ್ನು ತಿಕ್ಕಿ ತೊಳೆದು, ಹಸಿರು ಬಣ್ಣ ತಂದು ಎರಡು ಕೈ ಬಳಿದ. ಒಂದು ನಟ್ಟು ಬಿಡಲಿಲ್ಲ, ಒಂದು ಸಂದು ಬಿಡಲಿಲ್ಲ. ಮುಖ ನೋಡಿಕೊಂಡು ಕ್ರಾಪು ಬಾಚಬಹುದು, ಹಾಗಾಯಿತು ಪಂಪು!

ಹಬ್ಬದ ಮುಂಜಾನೆ ಚೆಂಡು ಹೂವಿನ ಮಾಲೆ ಹಾಕಿ ಕುಂಕುಮ ಇಟ್ಟ. ರೂಢಿಯಂತೆ ಕೈ ಹಿಡಿಕೆಯ ಕಡೆ ಹೋಯಿತು. ಎಳೆದರೆ ಬಣ್ಣ ಎದ್ದೀತಲ್ಲ ಎಂದು ಅಲ್ಲೇ ನಿಂತಿತು. ಮೊನ್ನೆ ತನಕ ಚಲೋ ಇತ್ತು, ಒಂದು ದಿನಕ್ಕೆ ಏನಾದೀತು ಎಂದುಕೊಂಡ. ಕೈ ಹಿಂದೆ ಬಂತು, ಮನಸ್ಸು ಅಲ್ಲೇ ಉಳಿಯಿತು.

ಕಾರ್ಖಾನೆಯ ದೊಡ್ಡ ಸಾಹೇಬರು ಅತಿಥಿಗಳನ್ನು ಕರೆದುಕೊಂಡು ಬಂದರು. ಪಂಪು ನೋಡಿ ಹುಬ್ಬೇರಿಸಿ, “ಭಾರಿ ಮಾಡೀರಲ್ರೀ! ಚಾಲೂ ಮಾಡಿ ತೋರಸ್ರಿ” ಎಂದರು.

ಅಷ್ಟರಲ್ಲಿ ಆ ತುದಿಯಿಂದ ಅದೇ ಕೂಗು. “ಹಿಡಿಕಿ ಎಳದಿ ಏನಣ್ಣಾ?”

ಎಲ್ಲರೂ ಮಡಿವಾಳಪ್ಪನ ಮುಖ ನೋಡಿದರು.

“ಎಳದೀನಪಾ” ಎಂದುಬಿಟ್ಟ.

ಪಂಪು ಗುಡುಗಿತು, ಗನ್ನಿನಿಂದ ನೀರು ಈಟಿಯಂತೆ ಹೊರಟಿತು, ಜನ ಚಪ್ಪಾಳೆ ತಟ್ಟಿದರು. ಮಡಿವಾಳಪ್ಪ ಮಾತ್ರ ನಿಂತಲ್ಲಿ ನಿಲ್ಲಲಾರ. ಒರೆಸಿದ ಕೈಯನ್ನೇ ಮತ್ತೆ ಒರೆಸಿದ. ವಾಲ್ವನ್ನು ನೋಡಿದರೆ ಅದು ಹೂ ಮುಡಿದು ಸುಮ್ಮನೆ ಕೂತಿತ್ತು. ಬಣ್ಣ ಹಿಡಿಕೆಯ ಸಂದಿಗೂ ಇಳಿದಿತ್ತಲ್ಲ ಎಂಬುದು ಆಗ ನೆನಪಾಯಿತು.

“ಈಗ ಗನ್ ಬಂದ್ ಮಾಡಿ ತೋರಸಪಾ” ಎಂದರು ಸಾಹೇಬರು.

ಮೌಲಾ ನಗುತ್ತಾ ತಲೆಯಾಡಿಸಿದ. ಅವನಿಗೇನು ಚಿಂತೆ? ಅಣ್ಣ ಎಳೆದೀನಿ ಅಂದಿದ್ದಾನೆ. ಆ ನಗು ಕಂಡು ಮಡಿವಾಳಪ್ಪ ಪಂಪಿನತ್ತ ಹಾರಿದ.

“ಕುದುರಿ ಬಿಡಬ್ಯಾಡೋ ಮೌಲಾ!” ಎಂದು ಚೀರಿ, ಕೆಂಪು ಗುಂಡಿಯನ್ನು ಅಂಗೈಯಿಂದ ಗುದ್ದಿದ. ಪಂಪು ನಿಂತಿತು. ನೀರು ಸೋತು ನೆಲಕ್ಕೆ ಬಿತ್ತು.

“ಏನ್ರೀ ಇದು, ಮಂದಿ ಮುಂದ ಮಾನ ಕಳದ್ರಲ್ಲ!” ಸಾಹೇಬರು ಕೆಂಡವಾದರು.

ಮಡಿವಾಳಪ್ಪ ಮಾಲೆ ಕಿತ್ತೆಸೆದು ಹಿಡಿಕೆ ಎಳೆದ. ಅಲುಗಲಿಲ್ಲ. ಎರಡೂ ಕೈ ಹಾಕಿ ಜಗ್ಗಿದ. ಹಸಿರು ಸಿಪ್ಪೆ ಎದ್ದು ಬಂತೇ ಹೊರತು ವಾಲ್ವು ಏಳಲಿಲ್ಲ. ಒಣಗಿದ ಬಣ್ಣ ಅದನ್ನು ಗಟ್ಟಿಯಾಗಿ ಕಚ್ಚಿ ಹಿಡಿದಿತ್ತು.

“ನಾನ ಬಳದದ್ದು, ಸಾಹೇಬ್ರ” ಎಂದ. ಆಮೇಲೆ ತಿರುಗಿ, “ಮೌಲಾ, ನಿನಗ ಸುಳ್ಳು ಹೇಳಿದೆ. ನಾ ಎಳದಿದ್ದಿಲ್ಲ.”

ಮೌಲಾ ಗನ್ನನ್ನು ಮೆಲ್ಲಗೆ ನೆಲಕ್ಕಿಟ್ಟು ಹೊರಗೆ ಹೋದ. ಕೊಡ ನಾಲ್ಕನೇ ಸಲವೂ ಬಡಿಗೇರನ ಮನೆಗೇ ಹೋಯಿತು.

ವಾಲ್ವನ್ನು ಬಿಚ್ಚಿ, ಬಣ್ಣ ತೆಗೆದು, ಪರೀಕ್ಷೆ ಮಾಡಿಸಿ ಕೂರಿಸಿದ್ದಾಯಿತು. ಮರುದಿನ ಮಡಿವಾಳಪ್ಪ ಹಿಡಿಕೆ ಎಳೆದು, ಕೂಗಿಗಾಗಿ ಕಿವಿ ತೆರೆದು ನಿಂತ. ಕೂಗು ಬರಲಿಲ್ಲ. ಮೌಲಾನೇ ನಡೆದು ಬಂದು, ಇವನ ಕಡೆ ನೋಡದೆ, ತನ್ನ ಕೈಯಾರೆ ಹಿಡಿಕೆ ಎಳೆದು ನೋಡಿ ವಾಪಸು ಹೋದ. ಮರುದಿನವೂ ಹಾಗೇ. ದೀಪಾವಳಿ ಕಳೆದರೂ ಹಾಗೇ. ಬೈದಿದ್ದರೆ ಮಡಿವಾಳಪ್ಪ ತಡೆದುಕೊಳ್ಳುತ್ತಿದ್ದ. ಇದನ್ನು ತಡೆಯಲಾಗದೆ ಒಳಗೊಳಗೇ ಬೇಯುತ್ತಿದ್ದ. ಆದರೂ ಒಂದು ದಿನವೂ ಹಿಡಿಕೆ ಎಳೆಯುವುದನ್ನು ತಪ್ಪಿಸಲಿಲ್ಲ.

ಕಬ್ಬು ಅರೆಯುವ ಹಂಗಾಮು ಶುರುವಾಗುವ ಹಿಂದಿನ ದಿನ ಅವನು ಎಳೆದು ಕೈ ಒರೆಸಿಕೊಳ್ಳುತ್ತಿದ್ದಾಗ, ಹೋಸಿನ ಆ ತುದಿಯಿಂದ ದನಿ ಬಂತು.

“ಹಿಡಿಕಿ ಎಳದಿ ಏನಣ್ಣಾ?”

ಉತ್ತರ ಕೊಡುವ ಮೊದಲು ಮಡಿವಾಳಪ್ಪ ಹಿಡಿಕೆಯನ್ನು ಇನ್ನೊಮ್ಮೆ ಎಳೆದ.

“ಎಳದೀನಪಾ, ಹಿಡಿ ಗನ್ನು.”

ನೀತಿ: ಯಂತ್ರವನ್ನು ಬೇಕಾದಷ್ಟು ಸಿಂಗರಿಸಿ, ಆದರೆ ಅದರ ಪರೀಕ್ಷೆಯನ್ನು ಒಂದು ದಿನವೂ ಬಿಡಬೇಡಿ. ನೋಡದೆಯೇ “ನೋಡಿದ್ದೇನೆ” ಎನ್ನುವವನು, ಆ ಮಾತು ನಂಬಿ ನಿಂತವನ ಜೀವವನ್ನು ಪಣಕ್ಕಿಡುತ್ತಾನೆ. ತಪ್ಪಿದ್ದು ಗೊತ್ತಾದ ಕೂಡಲೇ, ಮಾನ ಹೋದರೂ ಸರಿ, ಯಂತ್ರ ನಿಲ್ಲಿಸಿ ನಿಜ ಹೇಳಿ.