ಬೇವಿನ ಮರ ಹತ್ತಿದ ಮರಿಗಳು

“ಗುರುಗಳೇ, ನನ್ನಿಂದ ಏನು ತಪ್ಪಾಗಿದೆ?” ಎಂದು ಶಿಷ್ಯ ಚನ್ನವೀರ ಕೇಳಿದ. “ಚಿಕ್ಕವನಾಗಿದ್ದಾಗ ಮನಸ್ಸಿಗೆ ಕಳವಳವಾದರೆ ನಿಮ್ಮ ಬಳಿ ಓಡಿ ಬರುತ್ತಿದ್ದೆ. ನೀವು ಪಕ್ಕದಲ್ಲಿ ಕೂರಿಸಿಕೊಂಡು ಸಮಾಧಾನ ಹೇಳುತ್ತಿದ್ದಿರಿ. ಈಗ ಬಂದರೆ ‘ಹೋಗು, ನೀನೇ ಯೋಚಿಸು’ ಎನ್ನುತ್ತೀರಿ. ನಿಮಗೆ ನಾನು ಬೇಡವಾದೆನೆ?”

ಗುರುಗಳು ಒಂದು ಕಥೆ ಹೇಳತೊಡಗಿದರು.

ಒಬ್ಬ ರೈತನಿದ್ದ. ಊರಿನಿಂದ ದೂರ, ಹೊಲದಲ್ಲೇ ಮನೆ ಕಟ್ಟಿಕೊಂಡಿದ್ದ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಉಣ್ಣುವುದಕ್ಕೆ ಕೊರತೆಯಿರಲಿಲ್ಲ, ಹೊಲ ಬೆಳೆಯುತ್ತಿತ್ತು, ಕಣಜ ತುಂಬುತ್ತಿತ್ತು. ಮಾತು ಮಾತ್ರ ನಿಂತುಹೋಗಿತ್ತು. ಎತ್ತುಗಳನ್ನು ಗದರುವುದೊಂದು ಬಿಟ್ಟರೆ ಬೆಳಗಿನಿಂದ ಸಂಜೆಯ ತನಕ ಅವನ ಬಾಯಿಂದ ಶಬ್ದ ಹೊರಡುತ್ತಿರಲಿಲ್ಲ. ಒಬ್ಬನಿಗೆಂದು ಒಲೆ ಹಚ್ಚಲು ಬೇಸರವಾಗಿ ಎಷ್ಟೋ ದಿನ ತಂಗಳು ರೊಟ್ಟಿಯನ್ನೇ ತಿಂದು ಮಲಗುತ್ತಿದ್ದ.

ಅವನ ಹುಲ್ಲಿನ ಬಣವೆಯಲ್ಲಿ ಒಂದು ಬೆಕ್ಕು ಮರಿ ಹಾಕಿತು. ಮರಿಗಳು ಕಣ್ಣು ಬಿಡುವ ಮೊದಲೇ ಅದು ಹಾವು ಕಚ್ಚಿ ಸತ್ತಿತು. ಮರಿಗಳ ಕೂಗು ಕೇಳಿ ರೈತ ಹುಲ್ಲು ಸರಿಸಿ ನೋಡಿದ. ನಾಲ್ಕು ಮರಿಗಳಿದ್ದವು. ಪಂಚೆಯ ಮಡಿಲಲ್ಲಿ ಹಾಕಿಕೊಂಡು ಮನೆಗೆ ತಂದ.

ಸಾಕುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ಆಡಿನ ಹಾಲನ್ನು ಉಗುರುಬೆಚ್ಚಗೆ ಮಾಡಿ, ಬಟ್ಟೆಯ ಬತ್ತಿಯನ್ನು ಅದರಲ್ಲಿ ಅದ್ದಿ, ಒಂದೊಂದರ ಬಾಯಿಗೂ ಇಟ್ಟ. ತಾಯಿ ನೆಕ್ಕುವ ಹಾಗೆ ಒದ್ದೆ ಬಟ್ಟೆಯಿಂದ ಹೊಟ್ಟೆ ಒರೆಸಿದ. ಹೆಂಡತಿಯ ಹಳೆಯ ಸೀರೆಯನ್ನು ಬುಟ್ಟಿಗೆ ಹಾಸಿದ. ಮರಿಗಳು ಬದುಕಿಕೊಂಡವು. ಕಣ್ಣು ಬಿಟ್ಟಾಗ ಅವು ಮೊದಲು ಕಂಡದ್ದು ಅವನ ಮುಖವನ್ನೇ. ಊಟಕ್ಕೆ ಕೂತರೆ ತೊಡೆ ಏರುತ್ತಿದ್ದವು. ಮಲಗಿದರೆ ಎದೆಯ ಮೇಲೆ ಗುರುಗುರು ಸದ್ದು ಮಾಡುತ್ತ ನಿದ್ದೆ ಹೋಗುತ್ತಿದ್ದವು. ರೈತನಿಗೆ ಮಾತು ಮರಳಿತು. ಇವತ್ತು ಯಾವ ಹೊಲ ಹರಗಿದೆ, ಯಾವ ಎತ್ತು ಕುಂಟುತ್ತಿದೆ ಎಂದೆಲ್ಲ ಅವುಗಳಿಗೆ ಹೇಳುತ್ತಿದ್ದ. ದಿನವೂ ಒಲೆ ಹಚ್ಚತೊಡಗಿದ.

ಮರಿಗಳು ಬೆಳೆದವು. ಅಂಗಳಕ್ಕೆ ಬಿಡಲು ಶುರುಮಾಡಿದ. ಒಂದು ಮುಂಜಾನೆ ಬೀಡಾಡಿ ನಾಯಿಯೊಂದು ಹೊಲದ ಬದು ಹಾಯ್ದು ಬಂತು. ರೈತ ಬಾವಿಯ ಹತ್ತಿರವಿದ್ದ. ಬಿಳಿಯ ಮರಿ ನಾಯಿಯನ್ನು ಕಂಡಿತು. ಓಡಲಿಲ್ಲ. ಬಾಲ ಎತ್ತಿಕೊಂಡು, ಕೂಗುತ್ತ, ಅದರ ಎದುರಿಗೇ ಹೋಯಿತು. ತನ್ನತ್ತ ಬಂದದ್ದೆಲ್ಲ ಹಾಲು ತರುತ್ತದೆಂದೇ ಅದು ತಿಳಿದಿತ್ತು. ರೈತ ಕೊಡ ಬಿಸಾಡಿ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅದನ್ನು ಹೂತು ಬಂದು, ಉಳಿದ ಮೂರನ್ನು ಮನೆಯೊಳಗೆ ಹಾಕಿ ಚಿಲಕ ಜಡಿದ. ಅಂದಿನಿಂದ ಅವಕ್ಕೆ ಹೊರಗಿನ ಗಾಳಿಯೇ ಇಲ್ಲವಾಯಿತು.

ಆ ಕಡೆ ಕುರಿ ಮೇಯಿಸುವ ಮುದುಕಿಯೊಬ್ಬಳು ಒಂದು ದಿನ ನೀರು ಕೇಳಿ ಬಂದಳು. ಬಾಗಿಲ ಹಿಂದೆ ಮರಿಗಳು ಕೂಗುತ್ತಿದ್ದವು.

“ಇವನ್ನು ಎಷ್ಟು ದಿನ ಹೀಗೆ ಕೂಡಿ ಹಾಕುತ್ತೀಯಪ್ಪಾ?” ಎಂದಳು.

“ನಾನಿರುವಷ್ಟು ದಿನ, ಅವ್ವಾ. ಒಂದನ್ನು ಕಳೆದುಕೊಂಡದ್ದು ಸಾಕು.”

“ನೀನಿರುವಷ್ಟು ದಿನ ಸರಿ. ಆಮೇಲೆ?”

ಮುದುಕಿ ನೀರು ಕುಡಿದು ಹೋದಳು. ಅವಳ ಮಾತು ರೈತನ ಮನಸ್ಸಿನಿಂದ ಹೋಗಲಿಲ್ಲ. ಹಾಲು ಕುಡಿಸಿದೆ, ಅಂಜಿಕೆ ಕಲಿಸಲಿಲ್ಲ. ತಾಯಿ ಬದುಕಿದ್ದರೆ ಎರಡನ್ನೂ ಕೊಡುತ್ತಿತ್ತು ಎಂದು ಅವನಿಗೆ ಅನ್ನಿಸಿತು.

ಮರುದಿನ ಬುಟ್ಟಿಯನ್ನು ಸೀರೆಯ ಸಮೇತ ದನದ ಕೊಟ್ಟಿಗೆಗೆ ಒಯ್ದ. ಮೂಲೆಯಲ್ಲಿ ಬಿದಿರಿನ ತಡಿಕೆ ಕಟ್ಟಿ ಮರಿಗಳನ್ನು ಅದರೊಳಗಿಟ್ಟ. ಹಾಲು, ರೊಟ್ಟಿ ಎಲ್ಲ ಅಲ್ಲೇ. ದನಗಳ ಸದ್ದು, ಹುಲ್ಲಿನ ವಾಸನೆ, ಗಾಳಿಯ ಚಳಿ ರೂಢಿಯಾಗುವ ತನಕ ಹೊರಗೆ ಬಿಡಲಿಲ್ಲ. ಆಮೇಲೆ ತಡಿಕೆ ತೆಗೆದ. ಹಗಲು ಬಿಟ್ಟು, ಹೊತ್ತು ಮುಳುಗುವ ಮುಂಚೆ ತಟ್ಟೆ ಬಡಿದು ಕರೆದು, ಉಣಿಸಿ ಒಳಗೆ ಹಾಕುತ್ತಿದ್ದ. ಹಸಿದ ಹೊಟ್ಟೆ ಕೊಟ್ಟಿಗೆಯ ದಾರಿಯನ್ನು ಮರೆಯಲಿಲ್ಲ. ಇಲಿ ಹಿಡಿಯುವುದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ.

ನಾಯಿಯ ಭಯವನ್ನು ಹೇಳಿಕೊಡಬೇಕಾಯಿತು. ಅವನು ಬೇಡಿಕೊಂಡದ್ದಕ್ಕೆ ಮುದುಕಿ ತನ್ನ ಕುರಿ ಕಾಯುವ ನಾಯಿಯನ್ನು ತಂದು, ಹಗ್ಗ ಬಿಗಿ ಹಿಡಿದು ಅಂಗಳದಲ್ಲಿ ನಿಂತಳು. ನಾಯಿ ಬೊಗಳಿತು. ಮರಿಗಳ ಕೂದಲು ನಿಮಿರಿದವು. ಮೂರೂ ಓಡಿದವು. ಓಡಿದ್ದು ರೈತನ ಕಡೆಗೆ. ಉಗುರೂರಿ ಅವನ ಕಾಲು ಹತ್ತಿದವು.

ಅವನ ಕೈ ತಾನಾಗಿ ಕೆಳಗಿಳಿಯಿತು. ಎತ್ತಿ ಅಪ್ಪಿಕೊಳ್ಳಲೆಂದೇ ಇಳಿಯಿತು. ಆದರೆ ಅವನು ಒಂದೊಂದನ್ನೇ ಕಿತ್ತು, ಅಂಗಳದ ಬೇವಿನ ಮರಕ್ಕೆ ಹಚ್ಚಿ, ಹಿಂದೆ ಸರಿದು ನಿಂತ. ಅವು ಜಾರಿ ಬಿದ್ದು ಮತ್ತೆ ಅವನ ಕಡೆಗೇ ಬಂದವು. ಮತ್ತೆ ಕಿತ್ತು ಮರಕ್ಕೆ ಹಚ್ಚಿದ. ಕಾಲಿನಿಂದ ರಕ್ತ ಇಳಿಯುತ್ತಿತ್ತು. ಮುದುಕಿ ಮುಖ ತಿರುಗಿಸಿಕೊಂಡಳು.

ಹೀಗೆ ಹಲವು ದಿನ ನಡೆಯಿತು. ಆ ದಿನಗಳಲ್ಲಿ ಅವನು ಮರಿಗಳನ್ನು ಮುದ್ದಿಸಲಿಲ್ಲ, ಅವುಗಳೊಂದಿಗೆ ಮಾತಾಡಲಿಲ್ಲ. ಮಾತಾಡಿದರೆ ಮತ್ತೆ ತನ್ನನ್ನೇ ಹುಡುಕಿಕೊಂಡು ಬಂದಾವು ಎಂಬ ಅಂಜಿಕೆ. ಸಂಜೆ ಕೊಟ್ಟಿಗೆಯ ಕಿಂಡಿಯಿಂದ ನುಸುಳಿ ಮನೆಯ ಬಾಗಿಲಿಗೆ ಬಂದು ಕೂಗಿದರೆ ತೆರೆಯಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ಒಳಗೆ ಕೂತಿರುತ್ತಿದ್ದ. ಕೂಗಿ ಕೂಗಿ ಅವು ಹಿಂತಿರುಗಿದ ಮೇಲೆ ಎದ್ದು ದೀಪ ಹಚ್ಚುತ್ತಿದ್ದ. ಕಡೆಗೊಮ್ಮೆ ಅವು ಬಾಗಿಲಿಗೆ ಬರುವುದನ್ನೇ ಬಿಟ್ಟವು. ಆ ಸಂಜೆಯೂ ಅವನು ಬಾಗಿಲಿಗೆ ಬೆನ್ನು ಕೊಟ್ಟು ಕೂತೇ ಇದ್ದ. ಬಹಳ ಹೊತ್ತು ಕಾದ.

ಕೊಯ್ಲಿನ ಕಾಲ ಬಂತು. ಹೊಲದಲ್ಲಿದ್ದ ರೈತನಿಗೆ ಮನೆಯ ಕಡೆಯಿಂದ ನಾಯಿ ಬೊಗಳುವುದು ಕೇಳಿಸಿತು. ಕೈಯಲ್ಲಿದ್ದ ಕುಡುಗೋಲಿನೊಂದಿಗೇ ಓಡಿದ. ಅದೇ ಬೀಡಾಡಿ ನಾಯಿ ಬೇವಿನ ಬುಡವನ್ನು ಪರಪರ ಕೆರೆಯುತ್ತಿತ್ತು. ಮೇಲಿನ ಕೊಂಬೆಯಲ್ಲಿ ಮೂರೂ ಬೆಕ್ಕುಗಳು ಕೂತಿದ್ದವು. ಕಲ್ಲು ಬೀರಿ ನಾಯಿಯನ್ನು ಓಡಿಸಿದ. ಕುಡುಗೋಲು ಕೆಳಗಿಟ್ಟು, ಎರಡೂ ಕೈಗಳನ್ನು ಮೇಲೆತ್ತಿ, “ಗೆದ್ದಿರಿ ಮಕ್ಕಳೇ. ಇಳಿಯಿರಿ, ಬನ್ನಿ” ಎಂದು ಕರೆದ. ಎಷ್ಟೋ ದಿನಗಳ ಮೇಲೆ ಆಡಿದ ಮಾತು. ದನಿ ಒಡೆದು ಬಂತು.

ಬೆಕ್ಕುಗಳು ಅವನನ್ನು ನೋಡಿದವು. ಅವನ ಕೈಗಳನ್ನೂ ನೋಡಿದವು. ಇಳಿಯಲಿಲ್ಲ.

ತೋಳು ಸೋಲುವ ತನಕ ನಿಂತಿದ್ದು, ರೈತ ಕುಡುಗೋಲು ಎತ್ತಿಕೊಂಡು ಹೊಲಕ್ಕೆ ಹೋದ. ಬದುವಿನ ಮೇಲಿಂದ ಹಿಂತಿರುಗಿ ನೋಡಿದಾಗ ಮೂರೂ ಕೆಳಗಿಳಿದು, ಅಂಗಳದ ಬಿಸಿಲಿನಲ್ಲಿ ಮೈ ನೆಕ್ಕಿಕೊಳ್ಳುತ್ತಿದ್ದವು. ಇನ್ನು ಇವುಗಳಿಗೆ ಯಾರೂ ಬೇಕಿಲ್ಲ ಎಂದುಕೊಂಡ. ಎದೆ ಹಗುರವಾಯಿತು. ಕೊಯ್ಯಲು ಬಗ್ಗಿದವನಿಗೆ ಪೈರು ಮಂಜಾಗಿ ಕಂಡಿತು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

“ಬೆಕ್ಕುಗಳಿಗೇನೋ ಮರ ಸಿಕ್ಕಿತು,” ಎಂದ ಚನ್ನವೀರ. “ಆ ರೈತನಿಗೆ ಕೊನೆಗೆ ಏನು ಉಳಿಯಿತು, ಗುರುಗಳೇ?”

“ಅದು ನನಗೆ ತಿಳಿಯುವುದು, ನೀನು ಇಲ್ಲಿಂದ ಹೊರಟುಹೋದ ಮೇಲೆ.”